ಹತ್ತಕ್ಕೆ ಎಷ್ಟು ನೋವು?

ಡೊಂಬಿವಲಿಯಲ್ಲಿ ನನ್ನದೊಂದು ಸಣ್ಣ ಪ್ರಿಂಟಿಂಗ್ ಪ್ರೆಸ್ ಇದೆ. ಲಗ್ನಪತ್ರಿಕೆ, ಗಣಪತಿ ಮಂಡಳದ ಪಾವತಿ ಪುಸ್ತಕ, ಕನ್ನಡ ಸಂಘದ ವಾರ್ಷಿಕ ವರದಿ, ಇವೇ ಮೊದಲು ನನ್ನ ಅನ್ನ. ಲಗ್ನದವರೆಲ್ಲ ವಾಟ್ಸಾಪಿಗೆ ಹೋದ ಮೇಲೆ ನನ್ನನ್ನು ಸಾಕುತ್ತಿರುವುದು ಕಾರ್ಯಾಗಾರಗಳು. ಬ್ಯಾನರ್, ಸ್ಟ್ಯಾಂಡಿ, ಕೊರಳಿಗೆ ಹಾಕುವ ಬ್ಯಾಡ್ಜ್, ಫೈಲು, ಕೊನೆಗೆ ಸರ್ಟಿಫಿಕೇಟ್. ಯಾರೋ ಯಾರಿಗೋ ಏನನ್ನೋ ಕಲಿಸದ ಶನಿವಾರ ಮುಂಬಯಿಯಲ್ಲಿ ಸಿಗುವುದಿಲ್ಲ.

ಹಾಗೆ ಬಂದ ಒಂದು ಆರ್ಡರ್: ‘ರೋಗಿಗಳ ನೋವು ನಿರ್ವಹಣೆ, ಆಸ್ಪತ್ರೆ ಸಿಬ್ಬಂದಿಗೆ ಎರಡು ದಿನದ ತರಬೇತಿ’. ಕೊಟ್ಟದ್ದು ಒಂದು ಆಸ್ಪತ್ರೆ. ಹೆಸರು ಬೇಡ, ನನಗೆ ಬಾಕಿ ಇನ್ನೂ ಬರಬೇಕು.

120 ಸರ್ಟಿಫಿಕೇಟ್, ಹೆಸರು ಸಮೇತ. ‘ಯಶಸ್ವಿಯಾಗಿ ಪೂರೈಸಿದ್ದಾರೆ’ ಅಂತ ಅಚ್ಚು ಹಾಕಿ ಕೊಡಬೇಕು. ತರಬೇತಿ ಶುರುವಾಗಲು ಇನ್ನೂ ಮೂರು ದಿನ ಇತ್ತು.

‘ಸಾಹೇಬ್ರೇ, ಯಾರಾದ್ರೂ ಬರದೇ ಹೋದ್ರೆ?’ ಅಂತ ಕೇಳಿದೆ.

‘ಬರದೇ ಇದ್ದರೂ ಪೂರೈಸುತ್ತಾರೆ,’ ಅಂದರು ಆಡಳಿತ ವಿಭಾಗದ ಸಾಹೇಬರು.

ಇದರ ಹಿಂದೆ ಒಂದು ಲೆಕ್ಕ ಇದೆ. ಮಹಾರಾಷ್ಟ್ರದಲ್ಲಿ ಡಾಕ್ಟರ ನೋಂದಣಿ ನವೀಕರಣ ಆಗಬೇಕಾದರೆ 5 ವರ್ಷದಲ್ಲಿ 30 ಕ್ರೆಡಿಟ್ ಪಾಯಿಂಟ್ ಬೇಕು, ಅವು ಸಿಗುವುದು ಇಂಥ ತರಬೇತಿಗಳಲ್ಲಿ. ಕಲಿತದ್ದು ತುಕ್ಕು ಹಿಡಿಯಬಾರದು ಅಂತ ಮಾಡಿದ ಒಳ್ಳೆಯ ನಿಯಮವೇ. ಆದರೆ ಅದು ಲೋಕಲ್ ಟ್ರೇನಿನ ಪಾಸ್ ಇದ್ದಂತೆ. ಪಾಸ್ ಇದೆಯಾ ಅಂತ ಟಿಸಿ ಕೇಳುತ್ತಾನೆ, ಯಾಕೆ ಹೊರಟೆ, ಹೋಗಿ ಏನು ಮಾಡಿದೆ ಅಂತ ಕೇಳುವುದಿಲ್ಲ.

ಸರ್ಟಿಫಿಕೇಟ್ ಜೊತೆಗೆ 500 ಮುಖದ ಕಾರ್ಡ್ ಕೂಡ ಹಾಕಿಸಿದರು. ನೀವೂ ನೋಡಿರುತ್ತೀರಿ. ಸಾಲಾಗಿ ಆರು ದುಂಡು ಮುಖ. ಮೊದಲನೆಯದು ನಗುತ್ತಿರುತ್ತದೆ, ಕೊನೆಯದು ಅಳುತ್ತಿರುತ್ತದೆ. ಕೆಳಗೆ ಸೊನ್ನೆಯಿಂದ ಹತ್ತರವರೆಗೆ ಅಂಕಿ. 1980ರ ದಶಕದಲ್ಲಿ ಅಮೆರಿಕದಲ್ಲಿ ಇದನ್ನು ಮಾಡಿದ್ದು ಪುಟ್ಟ ಮಕ್ಕಳಿಗಾಗಿ. ನೋವು ಎಷ್ಟಿದೆ ಅಂತ ಹೇಳಲು ಬಾರದ ಮಗು ಮುಖ ತೋರಿಸಲಿ ಅಂತ. ನಮ್ಮಲ್ಲಿ ಅದು ಎಲ್ಲರಿಗೂ ಬಂತು. ಹೇಳಲು ಬಾರದವರಿಗೆ ಅಂತ ಅಲ್ಲ, ಕೇಳಲು ಪುರುಸೊತ್ತು ಇಲ್ಲದವರಿಗೆ ಅಂತ.

ಶನಿವಾರ ಬೆಳಿಗ್ಗೆ ಸ್ಟ್ಯಾಂಡಿ ಹೊತ್ತು ಅಂಧೇರಿಯ ಹೋಟೆಲಿಗೆ ಹೋದೆ. ದೀಪ ಹಚ್ಚಿದರು. ಶಾಲು ಹೊದಿಸಿದರು. ದೀಪ ಹಚ್ಚಿದವರಿಗೆ ಶಾಲು, ಶಾಲು ಹೊದಿಸಿದವರಿಗೆ ಶಾಲು. ಎಸಿಯ ಚಳಿಗೆ ಅದು ಬೇಕೇ ಇತ್ತು ಅನ್ನಿ. ಹನ್ನೊಂದೂವರೆಗೆ ಮೊದಲ ಪಾಠ ಶುರುವಾಯಿತು. ನಾನು ಊಟದ ಆಸೆಗೆ ಹಿಂದಿನ ಸಾಲಿನಲ್ಲಿ ಕೂತೆ.

ಪಾಠ ಚೆನ್ನಾಗಿತ್ತು, ಸುಳ್ಳು ಹೇಳಬಾರದು. ನೋವಿನ ಅಂತರರಾಷ್ಟ್ರೀಯ ಸಂಘ 2020ರಲ್ಲಿ ನೋವಿನ ವ್ಯಾಖ್ಯೆಯನ್ನು ತಿದ್ದಿತಂತೆ. ನೋವಿದೆ ಅಂತ ಒಬ್ಬರು ಹೇಳಿದರೆ ಆ ಮಾತಿಗೆ ಮರ್ಯಾದೆ ಕೊಡಬೇಕು, ಬಾಯಿಬಿಟ್ಟು ಹೇಳಲಾಗದವರಿಗೆ ನೋವೇ ಇಲ್ಲ ಅಂತ ತಿಳಿಯಬಾರದು ಅಂತ ಅದರ ಜೊತೆಗಿನ ಟಿಪ್ಪಣಿಗಳಲ್ಲಿದೆ. ಕೆನಡಾದ ಮೆಲ್ಜಾಕ್ ಎಂಬ ಮನಶ್ಶಾಸ್ತ್ರಜ್ಞ 1975ರಲ್ಲಿ ನೋವನ್ನು ವಿವರಿಸುವ 78 ಇಂಗ್ಲಿಷ್ ಪದಗಳನ್ನು ಪಟ್ಟಿ ಮಾಡಿ ಪ್ರಶ್ನಾವಳಿ ತಯಾರಿಸಿದರಂತೆ. ಉರಿ ಬೇರೆ, ಇರಿತ ಬೇರೆ, ಜೋಮು ಬೇರೆ. ಯಾಕೆ ಬೇರೆ ಅಂದರೆ, ಕರೆಂಟ್ ಹೊಡೆದಂತೆ, ಬೆಂಕಿ ಇಟ್ಟಂತೆ ಆಗುವುದು ಬಹಳ ಸಲ ನರದ ನೋವು. ಮಾಮೂಲಿ ಗುಳಿಗೆ ಅದಕ್ಕೆ ಅಷ್ಟಾಗಿ ಹತ್ತುವುದಿಲ್ಲ, ಬೇರೆ ಔಷಧಿಯೇ ಬೇಕು. ಅಂದರೆ ರೋಗಿಯ ಮಾತಿನಲ್ಲೇ ಅರ್ಧ ಪರೀಕ್ಷೆ ಇದೆ ಅಂತ ಆಯಿತು. ನಾನು ತಲೆ ಆಡಿಸಿದೆ. ಪಕ್ಕದವರೂ ತಲೆ ಆಡಿಸಿದರು. ಅವರದು ತೂಕಡಿಕೆ.

ಮಧ್ಯಾಹ್ನದ ಹೊತ್ತಿಗೆ ಆ ಕುರ್ಚಿಗಳ ಮೇಲೆ ಕೂತು ನೋವು ನಿರ್ವಾಹಕರಿಗೆಲ್ಲ ಸೊಂಟ ಹಿಡಿದಿತ್ತು. ಹೊರಗೆ ಮುಲಾಮು ಕಂಪನಿಯವರು ಒಂದು ಮೇಜು ಹಾಕಿದ್ದರು, ಪುಕ್ಕಟೆ ಟ್ಯೂಬ್. ಊಟಕ್ಕಿಂತ ಅಲ್ಲೇ ಕ್ಯೂ ಜಾಸ್ತಿ.

ಇನ್ನು ನಮ್ಮತ್ತೆಯ ವಿಷಯ. ವಿಜಯಪುರದ ಇಂಡಿ ತಾಲೂಕಿನವಳು, ಲಿಂಬೆ ತೋಟದ ಮನೆ. ನಮ್ಮಪ್ಪನ ಅಕ್ಕ. ಮೊಮ್ಮಗಳ ಹುಟ್ಟುಹಬ್ಬಕ್ಕೆ ಅಂತ ಬಂದು ನಮ್ಮ ಬಾತ್‌ರೂಮಿನಲ್ಲಿ ಜಾರಿ ಬಿದ್ದು ಸೊಂಟದ ಕೀಲು ಮುರಿದುಕೊಂಡಿದ್ದಳು. ಶುಕ್ರವಾರ ಆಪರೇಷನ್ ಆಗಿತ್ತು. ಯಾವ ಆಸ್ಪತ್ರೆ ಅಂತ ಹೇಳಬೇಕಿಲ್ಲ. ನನಗೆ ಬರಬೇಕಾದ ಬಾಕಿಯನ್ನು ಬಿಲ್ಲಿನಲ್ಲಿ ಮುರಿದುಕೊಳ್ಳಲಿ ಅಂತ ಅಲ್ಲೇ ಸೇರಿಸಿದ್ದೆ. ಅದು ಬೇರೆ ಡಿಪಾರ್ಟ್‌ಮೆಂಟ್ ಅಂದರು.

ಶನಿವಾರ ಸಂಜೆ ನಾನು ವಾರ್ಡಿಗೆ ಹೋದಾಗ ಸಿಸ್ಟರ್ ಬಂದರು. ಕೇರಳದ ಹುಡುಗಿ, ಹತ್ತು ಹಾಸಿಗೆಗೆ ಒಬ್ಬಳೇ. ಕೈಯಲ್ಲಿ ನನ್ನದೇ ಪ್ರೆಸ್ಸಿನ ಕಾರ್ಡ್.

‘ಆಜಿ, ದರ್ದ್ ಕಿತನಾ ಹೈ? ಝೀರೋ ಸೇ ಟೆನ್?’

ಅತ್ತೆ ನನ್ನ ಕಡೆ ನೋಡಿದಳು. ‘ಏನಂತಾಳೋ ಇಕಿ?’

‘ನೋವು ಹತ್ತಕ್ಕೆ ಎಷ್ಟು ಅಂತ ಕೇಳ್ತಾಳ ಅತ್ತಿ.’

‘ಸಾಲಿ ಬಿಟ್ಟು ಅರವತ್ತ ವರ್ಸ ಆತು. ಈಗ ಮಾರ್ಕ್ಸ್ ಕೊಡಂದ್ರ ಹೆಂಗ?’

ವಾರ್ಡಿನ ಮಾವಶಿ ಅಕ್ಕಲಕೋಟೆಯವಳು, ಕನ್ನಡ ಬಲ್ಲವಳು. ನೆಲ ಒರೆಸುತ್ತಿದ್ದವಳು ಎದ್ದು ಬಂದಳು. ‘ಎವ್ವಾ, ಹೆಂಗ ಆಗ್ತೈತಿ ಹೇಳು, ನಾ ಹೇಳ್ತೀನಿ ಅವರಿಗೆ,’ ಅಂದಳು. ಅತ್ತೆಗೆ ಜೀವ ಬಂತು. ‘ಮಕ್ಕೊಂಡ್ರ ಏನಿಲ್ಲ ತಂಗಿ. ಮಗ್ಗಲಾದ್ರ ಛಳಕ್ ಅಂತ ಹೊಡಿತೈತಿ. ಕೂತ್ರ ಚುಚ್ಚತೈತಿ. ರಾತ್ರಿ ಆತಂದ್ರ ತೊಡಿ ಹರಿತೈತಿ, ಪಾದ ಜುಮು ಜುಮು ಅಂತೈತಿ, ಒಮ್ಮೊಮ್ಮೆ ಒಳಗ ಉರಿ ಬಿದ್ದಂಗ ಆಗಿ ಹಂಗ ಇಳದ ಹೋಗತೈತಿ.’

ಮಾವಶಿ ಸಿಸ್ಟರ್ ಕಡೆ ತಿರುಗಿ ಅನುವಾದ ಮಾಡಿದಳು: ‘ದುಖ್ತಂಯ ಮ್ಹಣತಾತ.’

ನೋಯುತ್ತದಂತೆ. ಮೆಲ್ಜಾಕ್ ಪಟ್ಟಿಯ ಅರ್ಧ ಡಜನ್ ಪದ ಅತ್ತೆ ಒಂದೇ ಉಸಿರಿಗೆ ಕೊಟ್ಟಳು. ಆಸ್ಪತ್ರೆ ತಲುಪುವ ಹೊತ್ತಿಗೆ ಅದು ಒಂದಾಯಿತು. ಮಾವಶಿಯನ್ನು ಬೈಯುವಂತಿಲ್ಲ. ಕನ್ನಡದ ಛಳಕಿಗೆ ಮರಾಠಿಯಲ್ಲಿ ಚಮಕ್ ಇದೆ, ಕಳ್ ಇದೆ, ಠಣಕಾ ಇದೆ, ಅವಳಿಗೆ ಎಲ್ಲ ಗೊತ್ತು. ಆದರೆ ಫಾರಮ್ಮಿನಲ್ಲಿ ಜಾಗ ಒಂದೇ ಅಂಕಿಯಷ್ಟು, ಅದೂ ಅವಳಿಗೆ ಗೊತ್ತು.

ಸಿಸ್ಟರ್ ಕಾರ್ಡ್ ತೋರಿಸಿದಳು. ಅತ್ತೆ ಕನ್ನಡಕ ಹಾಕಿಕೊಂಡು ನೋಡಿದಳು. ‘ಇಲ್ಲಿ ನಗಾಕತ್ತಾನಲ್ಲ, ಇಂವ ಡಾಕ್ಟರಾ?’ ಕೊನೆಯ ಮುಖದ ಮೇಲೆ ಬೆರಳಿಟ್ಟು, ‘ಇಂವ ನೀನ ನೋಡು ಅಳಿಯಾ. ಬಿಲ್ಲ್ ಕಟ್ಟಾಂವ,’ ಅಂದಳು. ಆಮೇಲೆ ನನ್ನ ಕಿವಿ ಹತ್ತಿರ ಎಳೆದು ಪಿಸುಗುಟ್ಟಿದಳು. ‘ಜಾಸ್ತಿ ಅಂದ್ರ ಜಾಸ್ತಿ ರೊಕ್ಕ ಹಚ್ಚತಾರೋ ಹುಚ್ಚಾ. ಎರಡ ಅಂತ ಹೇಳು.’

ಎರಡು ಅಂತ ಬರೆದರು. ಎರಡಕ್ಕೆ ಪ್ಯಾರಾಸಿಟಮಾಲ್.

ಅಂಧೇರಿಯಲ್ಲಿ ಅದೇ ದಿನ ಒಂದು ಏಣಿಯ ಚಿತ್ರ ತೋರಿಸಿದ್ದರು. 1986ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಕೊಟ್ಟದ್ದು, ಮೂಲದಲ್ಲಿ ಕ್ಯಾನ್ಸರ್ ನೋವಿಗೆ. ಮೊದಲ ಮೆಟ್ಟಿಲಲ್ಲಿ ಪ್ಯಾರಾಸಿಟಮಾಲ್ ಥರದವು, ಎರಡರಲ್ಲಿ ಕೋಡೀನ್ ಥರದವು, ಮೂರರಲ್ಲಿ ಮಾರ್ಫಿನ್. ನಾನು ಕಂಡ ವಾರ್ಡುಗಳಲ್ಲಿ ಏಣಿ ಮೊದಲ ಮೆಟ್ಟಿಲಿಗೇ ಮುಗಿಯುತ್ತದೆ. ಅದು ಏಣಿಯಲ್ಲ, ಮಣೆ.

ಭಾನುವಾರ ಬೆಳಿಗ್ಗೆ ಫಿಸಿಯೋದವರು ಬಂದು ಅತ್ತೆಯನ್ನು ಎಬ್ಬಿಸಿ ನಿಲ್ಲಿಸಿದರು. ಬೇಗ ನಿಲ್ಲಿಸುವುದು ಒಳ್ಳೆಯದೇ, ಅದರಲ್ಲಿ ತಪ್ಪಿಲ್ಲ. ಆದರೆ ನಿಂತ ಮೇಲೆ ಆರು ಹಡೆದ ಹೆಂಗಸು ಸೆರಗು ಬಾಯಿಗೆ ತುರುಕಿಕೊಂಡಳು. ಶಬ್ದ ಇಲ್ಲ. ಬರೀ ಕಣ್ಣಲ್ಲಿ ನೀರು. ಡ್ಯೂಟಿಯಲ್ಲಿದ್ದ ಚಿಕ್ಕ ಡಾಕ್ಟರ್, ಇನ್ನೂ ಮೀಸೆ ಸರಿಯಾಗಿ ಬಾರದ ಹುಡುಗ, ಕಾರ್ಡ್ ನೋಡಲಿಲ್ಲ, ಅತ್ತೆಯ ಮುಖ ನೋಡಿದ. ತಕ್ಷಣ ಮಾರ್ಫಿನ್ ಬರೆದ. ತರಬೇತಿ ಪಟ್ಟಿಯಲ್ಲಿ ಅವನ ಹೆಸರು ಇರಲಿಲ್ಲ. ನಾನೇ ಅಚ್ಚು ಹಾಕಿದ್ದಲ್ವಾ, ಗೊತ್ತು.

ಮಾರ್ಫಿನ್ ಇರುವುದು ಎರಡು ಕೀಲಿಯ ಕಪಾಟಿನಲ್ಲಿ. ಒಂದು ಕೀಲಿಕೈ ಸಿಸ್ಟರ್ ಇನ್‌ಚಾರ್ಜ್ ಹತ್ತಿರ. ಇನ್ನೊಂದು ಬೇರೊಬ್ಬ ಸೀನಿಯರ್ ಹತ್ತಿರ. ಇಬ್ಬರೂ ಸೇರಿದರೆ ಮಾತ್ರ ಬಾಗಿಲು ತೆಗೆಯಬೇಕು, ಕದಿಯಬಾರದು ಅಂತ. ಬ್ಯಾಂಕಿನ ಲಾಕರ್ ಇದ್ದಂತೆ, ಒಳಗೆ ಚಿನ್ನದ ಬದಲು ನಿದ್ದೆ ಇರುತ್ತದೆ ಅಷ್ಟೇ.

ಸೀನಿಯರ್ ಎಲ್ಲಿ?

ನೋವು ನಿರ್ವಹಣೆಯ ತರಬೇತಿಗೆ ಅಂಧೇರಿಗೆ ಹೋಗಿದ್ದಾರೆ. ಕೀಲಿಕೈ?

ಪರ್ಸಿನಲ್ಲಿ.

ಫೋನ್ ಹಚ್ಚಿದರು, ಎತ್ತಲಿಲ್ಲ. ‘ರೋಗಿಯ ಮಾತು ಕೇಳುವ ಕಲೆ’ ಎಂಬ ಗೋಷ್ಠಿ ನಡೆದಿತ್ತು, ಮೊಬೈಲ್ ಸೈಲೆಂಟ್ ಇಡಲು ಹೇಳಿದ್ದರು. ನಲವತ್ತು ನಿಮಿಷದ ಮೇಲೆ ಸಿಕ್ಕರು. ಗ್ರೂಪ್ ಫೋಟೋ ಮುಗಿಸಿ ಹೊರಡುತ್ತೇನೆ ಅಂದರು. ಹೊರಟರು ಕೂಡ, ಪಾಪ. ಆದರೆ ಅದು ಭಾನುವಾರ. ಮುಂಬಯಿಯಲ್ಲಿ ಇರುವವರಿಗೆ ಮುಂದಿನದು ಹೇಳಬೇಕಿಲ್ಲ. ಮೆಗಾಬ್ಲಾಕ್, ಹಳಿ ರಿಪೇರಿಗೆ ಅಂತ ಲೋಕಲ್ ಬಂದ್. ಘಾಟ್‌ಕೋಪರ್ ತನಕ ಮೆಟ್ರೋದಲ್ಲಿ ಬಂದ ಕೀಲಿಕೈ ಅಲ್ಲಿ ಪ್ಲಾಟ್‌ಫಾರ್ಮಿನಲ್ಲಿ ನಿಂತಿತು.

ಕಾಯುವ ಹೊತ್ತಿನಲ್ಲಿ ಆ ಚಿಕ್ಕ ಡಾಕ್ಟರ್ ನನಗೆ ಈ ಕೀಲಿಯ ಕತೆ ಹೇಳಿದ. ಎನ್‌ಡಿಪಿಎಸ್ ಅಂತ 1985ರಲ್ಲಿ ಒಂದು ಕಾಯ್ದೆ ಬಂತು, ಮಾದಕ ವಸ್ತು ತಡೆಯಲು. ತಡೆದದ್ದು ಜಾಸ್ತಿ ಆಸ್ಪತ್ರೆಯನ್ನು. ಒಂದಿಷ್ಟು ಮಾರ್ಫಿನ್ ತರಿಸಬೇಕಾದರೆ ನಾಲ್ಕೈದು ಲೈಸೆನ್ಸ್, ಬೇರೆ ಬೇರೆ ಇಲಾಖೆಯವು. ಐದನೆಯದು ಕೈಗೆ ಬರುವಾಗ ಮೊದಲನೆಯದರ ಅವಧಿ ತೀರಿರುತ್ತಿತ್ತು. ಮುಂದಿನ ಒಂದು ಡಜನ್ ವರ್ಷದಲ್ಲಿ ದೇಶದಲ್ಲಿ ಔಷಧಿಯಾಗಿ ಮಾರ್ಫಿನ್ ಬಳಕೆ ನೂರಕ್ಕೆ ತೊಂಬತ್ತಕ್ಕಿಂತ ಜಾಸ್ತಿ ಇಳಿಯಿತು. ಒಂದು ತಲೆಮಾರಿನ ಡಾಕ್ಟರುಗಳಲ್ಲಿ ಎಷ್ಟೋ ಜನ ಅದನ್ನು ಕೊಡುವುದು ಹೇಗೆ ಅಂತ ಕಲಿಯದೆಯೇ ಹೊರಬಂದರು. 2014ರಲ್ಲಿ ತಿದ್ದುಪಡಿ ಆಗಿ, ಮಾನ್ಯತೆ ಪಡೆದ ಆಸ್ಪತ್ರೆ ರಾಜ್ಯದ ಔಷಧ ನಿಯಂತ್ರಕರ ಒಂದೇ ಅನುಮತಿಯಲ್ಲಿ ತರಿಸಬಹುದು ಅಂತ ಆಯಿತು. ಕಾಗದದ ಕೀಲಿ ತೆಗೆದರು. ತಲೆಯೊಳಗಿನದು ಹಾಗೇ ಇದೆ.

ಮಾರ್ಫಿನ್ ತೆಗೆಯುವುದು ಅಫೀಮಿನಿಂದ. ಆ ಅಫೀಮು ಬೆಳೆಯುವುದು ಎಲ್ಲಿ ಅಂದುಕೊಂಡಿರಿ? ನಮ್ಮಲ್ಲೇ. ಮಂದಸೌರ್, ನೀಮಚ್, ಚಿತ್ತೋರ್‌ಗಢದ ಹೊಲಗಳಲ್ಲಿ, ಸರ್ಕಾರದ ಪರವಾನಗಿ ಮೇಲೆ. ನೀಮಚ್ ಮತ್ತು ಗಾಜೀಪುರದಲ್ಲಿ ಸರ್ಕಾರದ್ದೇ ಕಾರ್ಖಾನೆ. ಅಲ್ಲಿಂದ ಹೊರದೇಶಕ್ಕೂ ಹೋಗುತ್ತದೆ. ಸಮುದ್ರ ದಾಟುವ ಮಾಲು ಇಂಡಿಯ ಮುದುಕಿಗಾಗಿ ಮೂರನೇ ಮಹಡಿ ಹತ್ತಲಾರದು.

‘ಅಮೆರಿಕದಲ್ಲಿ ಏನಾಯ್ತು ನೋಡಿದಿರಾ?’ ಅಂದರು ಅಲ್ಲಿಗೆ ಬಂದ ಆಡಳಿತದ ಸಾಹೇಬರು. ನಿಜ. 1990ರ ದಶಕದಲ್ಲಿ ಅಲ್ಲಿ ನೋವನ್ನು ನಾಡಿ, ಜ್ವರದ ಸಾಲಿಗೆ ಸೇರಿಸಿ ಐದನೆಯ ಜೀವಲಕ್ಷಣ ಅಂದರು. ಅಂಕಿ ಇಳಿಸುವ ಭರದಲ್ಲಿ, ಕಂಪನಿಗಳ ಆಸೆಯಲ್ಲಿ ಗುಳಿಗೆ ಸುರಿದರು, ಜನ ಚಟ ಹತ್ತಿ ಸತ್ತರು. ಆಮೇಲೆ ಆ ಮಾತನ್ನೇ ಕೈಬಿಟ್ಟರು. ಅವರು ಅತಿಯಾಗಿ ಉಂಡು ಅಜೀರ್ಣ ಮಾಡಿಕೊಂಡರು ಅಂತ ನಾವು ಅಡುಗೆಮನೆಗೇ ಕೀಲಿ ಹಾಕಿದ್ದೇವೆ. ಆದರೆ ಅಂಕಿಯ ಕಾರ್ಡನ್ನು ಮಾತ್ರ ತರಿಸಿಕೊಂಡೆವು.

ಇಷ್ಟಾಗಿ, ಇದೇ ಊರಿನಲ್ಲಿ ಸರಿಯಾಗಿ ಮಾಡುವವರು ಇಲ್ಲವೇ ಅಂದರೆ, ಇದ್ದಾರೆ. ವಾಸಿಯಾಗದ ರೋಗಿಗಳನ್ನು ಕೊನೆತನಕ ನೋಡಿಕೊಳ್ಳುವ ಮನೆಗೆ ಹಾಸ್ಪೀಸ್ ಅನ್ನುತ್ತಾರೆ. ದೇಶದ ಮೊದಲ ಹಾಸ್ಪೀಸ್ ಶಾಂತಿ ಆವೇದನಾ ಸದನ 1986ರಲ್ಲಿ ಶುರುವಾದದ್ದು ಬಾಂದ್ರಾದಲ್ಲಿ. ಪರೇಲಿನ ಟಾಟಾ ಮೆಮೋರಿಯಲ್‌ನಲ್ಲಿ 2012ರಿಂದ ಉಪಶಮನ ಚಿಕಿತ್ಸೆಯಲ್ಲಿ, ಅಂದರೆ ದೊಡ್ಡ ಕಾಯಿಲೆಯವರ ನೋವು, ಸಂಕಟ ಇಳಿಸುವ ವಿದ್ಯೆಯಲ್ಲಿ, ಎಂಡಿ ಓದಿಸುತ್ತಾರೆ. 2019ರ ಹೊಸ ಪಠ್ಯಕ್ರಮದಲ್ಲಿ ಎಂಬಿಬಿಎಸ್ ಹುಡುಗರಿಗೂ ಒಂದಿಷ್ಟು ಬಂದಿದೆ. ಆ ಚಿಕ್ಕ ಡಾಕ್ಟರ್ ಆ ಪಠ್ಯದವನೇ ಇರಬೇಕು. ಬಾಂದ್ರಾ, ಪರೇಲ್ ಎರಡಕ್ಕೂ ಲೋಕಲ್ ಹೋಗುತ್ತದೆ. ಅಲ್ಲಿ ಹೋಗಿ ಒಂದು ವಾರ ಹಾಸಿಗೆ ಪಕ್ಕ ನಿಂತರೆ ಎಷ್ಟೋ ಕಲಿಯಬಹುದಿತ್ತು. ಆದರೆ ಅಲ್ಲಿ ಸ್ಟ್ಯಾಂಡಿ ನಿಲ್ಲಿಸಲು ಜಾಗ ಇಲ್ಲ. ನನಗೂ ಲುಕ್ಸಾನು.

ಮೂರೂವರೆ ತಾಸಿನ ಮೇಲೆ ಕೀಲಿಕೈ ಬಂತು. ಕೊರಳಲ್ಲಿ ನಾನು ಮಾಡಿದ ಬ್ಯಾಡ್ಜ್, ಕಂಕುಳಲ್ಲಿ ನಾನು ಮಾಡಿದ ಸರ್ಟಿಫಿಕೇಟ್. ಇಂಜೆಕ್ಷನ್ ಆದ ಸ್ವಲ್ಪ ಹೊತ್ತಿಗೆ ಅತ್ತೆಯ ಬಾಯಿಂದ ಸೆರಗು ತಾನೇ ಜಾರಿತು. ಸಂಜೆವರೆಗೆ ಮಲಗಿದಳು. ಎದ್ದ ಕೂಡಲೇ ಸಿಸ್ಟರ್ ಕಾರ್ಡ್ ಹಿಡಿದು ಬಂದಳು.

‘ಆಜಿ, ಅಭೀ ಕಿತನಾ?’

ಅತ್ತೆ ನನ್ನ ಮುಖ ನೋಡಿದಳು, ನನ್ನ ಜೇಬು ನೋಡಿದಳು. ‘ಎರಡ.’

ಹಾಗಾಗಿ ಅತ್ತೆಯ ಫೈಲಿನಲ್ಲಿ ಶನಿವಾರ ಎರಡು, ಭಾನುವಾರ ಬೆಳಿಗ್ಗೆ ಎರಡು, ಸಂಜೆ ಎರಡು. ಗೆರೆ ಎಳೆದಂತೆ ನೇರ. ಮುಂದಿನ ತಿಂಗಳು ಮಾನ್ಯತೆ ಕೊಡುವ ತಂಡ ಬಂದಾಗ ಅದೇ ಫೈಲು ತೆಗೆದು ತೋರಿಸಿದರಂತೆ. ‘ನೋವು ಉತ್ತಮವಾಗಿ ನಿರ್ವಹಣೆಯಾಗಿದೆ’ ಅಂತ ಬರೆದು ಹೋದರಂತೆ. ಬಾಕಿ ಕೇಳಲು ಹೋದಾಗ ಸಾಹೇಬರೇ ಖುಷಿಯಿಂದ ಹೇಳಿದರು.

ಕೀಲಿಕೈಯ ಬಗ್ಗೆ ನಾನು ಒಂದು ದೂರು ಬರೆದಿದ್ದೆ. ಅದಕ್ಕೆ ಒಂದು ಸಮಿತಿ ಆಯಿತು, ಸಮಿತಿ ಎರಡು ಸಲ ಸೇರಿತು, ಸಿಬ್ಬಂದಿಗೆ ತರಬೇತಿ ಸಾಲದು ಅಂತ ಕಂಡುಹಿಡಿಯಿತು. ಮೊನ್ನೆ ಹೊಸ ಆರ್ಡರ್ ಬಂದಿದೆ. ‘ಔಷಧ ಕಪಾಟಿನ ಕೀಲಿಕೈ ನಿರ್ವಹಣೆ, ಎರಡು ದಿನದ ಕಾರ್ಯಾಗಾರ’. ಸ್ಥಳ ಲೋಣಾವಳಾದ ರಿಸಾರ್ಟ್. ಸುತ್ತೋಲೆಯನ್ನೂ ನಾನೇ ಅಚ್ಚು ಹಾಕಬೇಕು. ಕೊನೆಯ ಸಾಲು ದಪ್ಪ ಅಕ್ಷರದಲ್ಲಿ ಇರಲಿ ಅಂದಿದ್ದಾರೆ: ‘ಎರಡೂ ಕೀಲಿಕೈ ಹೊಂದಿರುವವರು ಕಡ್ಡಾಯವಾಗಿ ಹಾಜರಿರತಕ್ಕದ್ದು.’

ಈ ಸಲ ಅರ್ಧ ದುಡ್ಡು ಮುಂಗಡ ತೆಗೆದುಕೊಂಡಿದ್ದೇನೆ.