ಸ್ಟಾಪ್ ಬ್ಯಾರೆ, ಕ್ವಿಟ್ ಬ್ಯಾರೆ

ಧಾರವಾಡದ ಸಪ್ತಾಪುರದಾಗ ಕೋಚಿಂಗ್‌ಗೆ ಬಂದ ಹುಡುಗೂರ ನೋಟ್‌ಬುಕ್ ತಗದು ನೋಡ್ರಿ. ಎಡಕ್ಕ ಸ್ಟಾಪ್, ಅದರ ಮುಂದ ಸಾಲಾಗಿ ಕ್ವಿಟ್, ಸೀಸ್, ಗಿವ್ ಅಪ್, ಅಬ್ಯಾಂಡನ್, ರಿಲಿಂಕ್ವಿಶ್, ರಿನೌನ್ಸ್. ಎಲ್ಲಾ ಒಂದ ಅರ್ಥ ಅಂತ ಮಗ್ಗಿ ಹಂಗ ಬಾಯಿಪಾಠ ಮಾಡ್ತಾರ. ಹಳ್ಳಿಯಿಂದ ಬಂದು ರೂಮು ಹಿಡಿದು, ಮನಿಯಿಂದ ಬಂದ ರೊಕ್ಕದಾಗ ತಿಂಗಳು ದೂಡೋ ಹುಡುಗೂರಿಗೆ ಇಂಥಾ ಅರ್ಧಂಬರ್ಧ ಇಂಗ್ಲಿಷ್ ಕಲಿಸೋದು ಅನ್ಯಾಯ. ನನಗಂತೂ ಹೊಟ್ಟಿ ಉರೀತೈತಿ.

ಇವು ಒಂದರ ಜಾಗಾಕ್ಕ ಇನ್ನೊಂದು ಹಾಕೋ ಶಬ್ದ ಅಲ್ಲ. ನೌಕರಿ, ಸಿಗರೇಟು ಬಿಟ್ರ ಕ್ವಿಟ್. ಪೌರತ್ವ ಬಿಟ್ರ ರಿನೌನ್ಸ್. ಸಿಂಹಾಸನ ಬಿಟ್ರ ಅಬ್ಡಿಕೇಟ್. 1936ರಾಗ ಇಂಗ್ಲೆಂಡಿನ ಎಂಟನೇ ಎಡ್ವರ್ಡ್ ಮಾಡಿದ್ದು ಅದನ್ನ. ಸರಕಾರ ರೈತರ ಸಾಲ ಬಿಟ್ರ ವೇವ್. ಅರ್ಧಾ ಕಟ್ಟಿದ ಕಟ್ಟಡ ಹಂಗ ಬಿಟ್ಟು ಹೋದ್ರ ಅಬ್ಯಾಂಡನ್. ಇನ್ನ, ಅಕ್ಕ-ತಂಗಿಯರು ಹೊಲದಾಗಿನ ತಮ್ಮ ಪಾಲು ಅಣ್ಣಗ ಬಿಟ್ಟುಕೊಟ್ಟು ಸಬ್‌ರಿಜಿಸ್ಟ್ರಾರ್ ಕಚೇರಿಯಾಗ ಸಹಿ ಮಾಡ್ತಾರಲ್ಲ, ಅದು ರಿಲಿಂಕ್ವಿಶ್. ಆ ಕಾಗದ ಕಂಡ ಹುಡುಗಗ ಈ ಶಬ್ದ ಜನ್ಮದಾಗ ಮರೆಯಂಗಿಲ್ಲ.

ಈ ಸೂಕ್ಷ್ಮ ನಮ್ಮವರಿಗೆ ಗೊತ್ತಿಲ್ಲದ್ದೇನಲ್ಲ. ಚಾ ಬಿಡ್ತೀವಿ, ಹಕ್ಕು ಬಿಟ್ಟುಕೊಡ್ತೀವಿ, ಕಷ್ಟದಾಗ ಗೆಳೆಯನ ಕೈ ಬಿಡಂಗಿಲ್ಲ, ಸಂಸಾರ ತೊರೆದವರಿಗೆ ಕೈ ಮುಗೀತೀವಿ. ಚಾ ತೊರೆದೆ ಅಂತ ಯಾರರ ಅಂತಾರೇನು? ಕನ್ನಡದಾಗ ಇಷ್ಟು ಬಲ್ಲವರಿಗೆ ಅದ ದಾರಿಲೇ ಇಂಗ್ಲಿಷ್ ಹೇಳಿಕೊಡಬೇಕು.

1942ರ ಕ್ವಿಟ್ ಇಂಡಿಯಾನ ತಗೋರಿ. ಅಲ್ಲಿ ಕ್ವಿಟ್ ಅಂದ್ರ ಚಟ ಬಿಡೋದಲ್ಲ, ಜಾಗಾ ಖಾಲಿ ಮಾಡಿ ಹೋಗೋದು. ಆ ಹೋರಾಟದಾಗ ಮೋಟೆಬೆನ್ನೂರಿನ ಮೈಲಾರ ಮಹದೇವಪ್ಪನವರು 1943ರ ಏಪ್ರಿಲ್ 1ಕ್ಕ ಹೊಸರಿತ್ತಿಯೊಳಗ ಗುಂಡಿಗೆ ಎದಿ ಕೊಟ್ರು. ಹಾವೇರಿ ಕಡೆ ಹುಡುಗೂರಿಗೆ ಕ್ವಿಟ್ ಹೇಳಿಕೊಡಾಕ ಇದಕ್ಕಿಂತ ಹತ್ತಿರದ್ದು ಏನು ಬೇಕು? ಸ್ಟಾಪ್ ಇಂಡಿಯಾ ಅಂದಿದ್ರ ಏನಾಗ್ತಿತ್ತು ಅಂತ ಕೇಳ್ರಿ, ಅವರ ಹೇಳ್ತಾರ.

ವ್ಯಾಕರಣಾನೂ ಅಷ್ಟ. ಹಿ ಸ್ಟಾಪ್ಡ್ ಟು ಡ್ರಿಂಕ್ ಟೀ ಅಂದ್ರ ಚಾ ಕುಡಿಯಾಕ ನಿಂತ. ಹಿ ಸ್ಟಾಪ್ಡ್ ಡ್ರಿಂಕಿಂಗ್ ಟೀ ಅಂದ್ರ ಚಾ ಕುಡಿಯೋದ ಬಿಟ್ಟ. ಗಿವ್ ಅಪ್ ಮುಂದ ಸ್ಮೋಕಿಂಗ್ ಬರತೈತಿ, ಟು ಸ್ಮೋಕ್ ಬರಂಗಿಲ್ಲ. ಗಿವ್ ಇಟ್ ಅಪ್ ಸರಿ, ಗಿವ್ ಅಪ್ ಇಟ್ ತಪ್ಪು. ಪಾಠ ಹೇಳೋ ಗೆಳೆಯರ, ಪಟ್ಟಿ ಬರೆಸೋ ಹೊತ್ತಿನಾಗ ಇಂಥಾ ನಾಕು ವಾಕ್ಯ ಬೋರ್ಡಿಗೆ ಹಾಕ್ರಿ, ಹುಡುಗೂರ ಕಡೆಯಿಂದ ತಮ್ಮ ಮನಿ ಮಾತಿನಾಗಿಂದ ಇನ್ನ ನಾಕು ಹೇಳಸ್ರಿ.