ದಾರ, ನಟ್ಟಿನ ಲೋಲಕದ ನಿಖರತೆ: ಒಂದು ಸ್ಪಷ್ಟನೆ

ದಾರಕ್ಕೆ ಕಬ್ಬಿಣದ ನಟ್ಟು ಕಟ್ಟಿದ ಸರಳ ಲೋಲಕದಿಂದ ಗುರುತ್ವ ವೇಗೋತ್ಕರ್ಷವನ್ನು (ಭೂಮಿಯ ಸೆಳೆತದಿಂದ ಬೀಳುವ ವಸ್ತುವಿನ ವೇಗ ಹೆಚ್ಚುವ ದರವನ್ನು) ಅಳೆದರೆ ಉತ್ತರ ಶೇ 20ರಷ್ಟು ತಪ್ಪಾಗುತ್ತದೆ, ಆದ್ದರಿಂದ ಶಾಲೆಗಳು ಸಿದ್ಧ ಕಿಟ್ಟನ್ನೇ ಕೊಳ್ಳಬೇಕು ಎಂಬ ಸಂದೇಶವೊಂದು ಶಿಕ್ಷಕರ ನಡುವೆ ಹರಿದಾಡುತ್ತಿದೆ. ಅಷ್ಟು ದೋಷ ಬರುವುದುಂಟು, ನಿಜ. ಆದರೆ ಅದರ ಮೂಲ ನಟ್ಟಿನಲ್ಲಿಲ್ಲ, ಅಳೆಯುವ ಕ್ರಮದಲ್ಲಿದೆ.

ಒಂದು ಮೀಟರ್ ಉದ್ದದ ಲೋಲಕದ ಒಂದು ಪೂರ್ಣ ಆಂದೋಲನಕ್ಕೆ ಸುಮಾರು 2 ಸೆಕೆಂಡು ಹಿಡಿಯುತ್ತದೆ. ಸ್ಟಾಪ್‌ವಾಚ್ ಒತ್ತುವ ಬೆರಳು 0.2 ಸೆಕೆಂಡು ಹಿಂದುಮುಂದಾದರೆ, ಒಂದೇ ಆಂದೋಲನವನ್ನು ಅಳೆದವರ ಕಾಲದಲ್ಲಿ ಶೇ 10ರಷ್ಟು ತಪ್ಪು ಸೇರುತ್ತದೆ. ಸೂತ್ರದಲ್ಲಿ ಕಾಲದ ವರ್ಗ ಬರುವುದರಿಂದ ಉತ್ತರದಲ್ಲಿ ಅದು ಹೆಚ್ಚುಕಡಿಮೆ ಇಮ್ಮಡಿಯಾಗುತ್ತದೆ. 20 ಆಂದೋಲನಗಳ ಒಟ್ಟು ಕಾಲವನ್ನು ಅಳೆದು 20ರಿಂದ ಭಾಗಿಸಿದರೆ, ಅದೇ ದಾರ, ಅದೇ ಬೆರಳು, ದೋಷ ಮಾತ್ರ ಶೇ 1ರ ಆಸುಪಾಸಿಗೆ ಇಳಿಯುತ್ತದೆ. ಉದ್ದವನ್ನು ಗಂಟಿನವರೆಗಲ್ಲ, ನಟ್ಟಿನ ನಡುಭಾಗದವರೆಗೆ ಅಳೆಯಬೇಕು. ಅಲ್ಲಿ ಒಂದು ಸೆಂಟಿಮೀಟರ್ ತಪ್ಪಿದರೂ ಮತ್ತೆ ಶೇ 1ರಷ್ಟು ವ್ಯತ್ಯಾಸ. ಲೋಲಕವನ್ನು 10 ಡಿಗ್ರಿಗಿಂತ ಹೆಚ್ಚು ಎಳೆದು ಬಿಡದಿದ್ದರೆ ಕೋನದಿಂದಾಗುವ ದೋಷ ನಗಣ್ಯ. (ದುಬಾರಿ ಕಿಟ್ಟಿನ ಹಿತ್ತಾಳೆ ಗುಂಡನ್ನೂ ಒಂದೇ ಆಂದೋಲನಕ್ಕೆ ಅಳೆದರೆ ಇಷ್ಟೇ ತಪ್ಪು ಬರುತ್ತದೆ.)

ಹಾಗೆಂದು, ಎಲ್ಲ ಪ್ರಯೋಗಗಳನ್ನೂ ಮನೆಯ ಸಾಮಾನಿನಲ್ಲೇ ಮುಗಿಸಬಹುದೆಂಬ ಎದುರುವಾದವನ್ನು ಒಪ್ಪಲಾಗದು. ಎಳೆದಾಗ ತಂತಿಯ ಲೋಹ ಹಿಗ್ಗದಂತೆ ಎಷ್ಟು ತಡೆಯುತ್ತದೆ ಎಂಬುದರ ಅಳತೆಯಾದ ಯಂಗ್ ಗುಣಾಂಕದ ಲೆಕ್ಕದಲ್ಲಿ ತಂತಿಯ ವ್ಯಾಸದ ವರ್ಗ ಬರುತ್ತದೆ. ಅರ್ಧ ಮಿಲಿಮೀಟರ್ ದಪ್ಪದ ತಂತಿಯನ್ನು ಸಾಮಾನ್ಯ ಸ್ಕೇಲಿನಿಂದ ಅಳೆಯಹೊರಟರೆ ಉತ್ತರಕ್ಕೆ ಅರ್ಥವೇ ಉಳಿಯುವುದಿಲ್ಲವಾದ್ದರಿಂದ, ಅಲ್ಲಿ 0.01 ಮಿಲಿಮೀಟರ್‌ವರೆಗೆ ಅಳೆಯುವ ಸ್ಕ್ರೂಗೇಜ್‌ಗೆ ಹಣ ಹಾಕುವುದೇ ಸರಿ.