ಮೆರೂನ್ ಅಂಗಿಗೆ ಕಿಸೆ ಯಾಕಿಲ್ಲ?

ನಿನ್ನೆ ನಾದಿನಿಯನ್ನು ನೋಡಲು ದವಾಖಾನೆಗೆ ಹೋಗಿದ್ದೆ. ಹೆರಿಗೆ ಆಗಿದೆ, ತಾಯಿ ಮಗು ಇಬ್ಬರೂ ಆರಾಮ ಇದ್ದಾರೆ. ಆ ಸುದ್ದಿ ಬೇರೆ ಪೋಸ್ಟಿನಲ್ಲಿ ಹಾಕುತ್ತೇನೆ, ಶುಭಾಶಯ ಎಲ್ಲ ಅಲ್ಲಿ ಹೇಳಿ. ಇದು ಸಿಟ್ಟಿನ ಪೋಸ್ಟು.

ಯಾವ ದವಾಖಾನೆ ಅಂತ ಕೇಳಬೇಡಿ. ನಮ್ಮ ವಿಜಯಪುರದ್ದೇ, ಅಲ್ಲಿಯ ಯೂನಿಫಾರ್ಮ್ ಹೊಲಿದುಕೊಟ್ಟವಳು ನಾನೇ. ಇಷ್ಟಕ್ಕೇ ಕೆಲವರಿಗೆ ಗೊತ್ತಾಗಿರುತ್ತದೆ. ಗೊತ್ತಾದವರು ಕಾಮೆಂಟಿನಲ್ಲಿ ಹೆಸರು ಹಾಕಬೇಡಿ, ನಾನು ಇದೇ ಊರಲ್ಲಿ ಅಂಗಡಿ ನಡೆಸಬೇಕು.

ಲಿಫ್ಟ್ ಪಕ್ಕ ದೊಡ್ಡ ಬೋರ್ಡ್ ಹಾಕಿದ್ದಾರೆ. ಬಣ್ಣ ಬಣ್ಣದ ಚೌಕ, ಪಕ್ಕದಲ್ಲಿ ಹುದ್ದೆ. ನೇವಿ ಬ್ಲೂ ಅಂದರೆ ಇನ್‌ಚಾರ್ಜ್ ಸಿಸ್ಟರ್, ತಿಳಿನೀಲಿ ಅಂದರೆ ಸ್ಟಾಫ್ ನರ್ಸ್, ರಾಮಾ ಗ್ರೀನ್ ಲ್ಯಾಬ್ ಮತ್ತು ಎಕ್ಸ್‌ರೇ, ಬೂದಿ ಬಣ್ಣ ವಾರ್ಡ್‌ಬಾಯ್, ಮೆರೂನ್ ಹೌಸ್‌ಕೀಪಿಂಗ್, ಬೇಬಿ ಪಿಂಕ್ ರಿಸೆಪ್ಷನ್. ಎಲ್ಲ ಇಂಗ್ಲಿಷಿನಲ್ಲಿ. ಕನ್ನಡ ಒಂದಕ್ಷರ ಇಲ್ಲ. ಜತ್ತ ಕಡೆಯಿಂದ ಬರುವ ಮಂದಿಗೆ ಮರಾಠಿಯೂ ಇಲ್ಲ.

ಆ ಬೋರ್ಡಿನ ಮುಂದೆಯೇ ಇಂಡಿ ಕಡೆಯ ಒಬ್ಬ ಮುದುಕಿ, ಇಳಕಲ್ ಸೀರೆ, ಕಂಕುಳಲ್ಲಿ ಫೈಲು, ನೆಲ ಒರೆಸುತ್ತಿದ್ದ ಹೆಣ್ಣುಮಗಳನ್ನು ನಿಲ್ಲಿಸಿ ಕೇಳುತ್ತಿದ್ದಳು. "ಡಾಕ್ಟರಮ್ಮಾ, ನಮ್ಮ ಮುದುಕಗ ಮನಿಗಿ ಯಾವಾಗ ಬಿಡ್ತೀರಿ?" ಆಕೆ ಪಾಪ ಮಾಪ್ ಹಿಡಿದುಕೊಂಡೇ, "ನಾ ಡಾಕ್ಟರ್ ಅಲ್ಲಬೇ ಯವ್ವಾ, ಕಸಾ ಹೊಡಿಯಾಕಿ. ಅಲ್ಲಿ ನೀಲಿ ಅಂಗಿ ಅಕ್ಕಾರ್ನ ಕೇಳು" ಅಂದಳು. ಅಲ್ಲಿ ಎರಡು ಥರದ ನೀಲಿ. ಮುದುಕಿ ಹೋಗಿ ಕೇಳಿದ ನೀಲಿ ಅಕ್ಕ ಇನ್ನೂ ಟ್ರೇನಿಂಗಿಗೆ ಬಂದ ಹುಡುಗಿ. ಅವಳು ಇನ್ನೊಬ್ಬರ ಕಡೆ ಕೈ ತೋರಿಸಿದಳು. ಹೀಗೆ ಒಂದು ಸುತ್ತು ಹೊಡೆದು ಮುದುಕಿ ಕೊನೆಗೆ ಬಂದು ನಿಂತದ್ದು ನನ್ನ ಹತ್ತಿರ. ನಾನು ನಿನ್ನೆ ಬಿಳಿ ಚೂಡಿದಾರ ಹಾಕಿದ್ದೆ ನೋಡಿ.

ಈಗ ಹೇಳಿ, ಈ ಬಣ್ಣ ಯಾರಿಗಾಗಿ?

ಬಟ್ಟೆ ಮತ್ತು ಬಣ್ಣದ ಬಗ್ಗೆ ಮಾತಾಡುವ ಹಕ್ಕು ನನಗೆ ಸ್ವಲ್ಪ ಇದೆ ಅಂದುಕೊಂಡಿದ್ದೀನಿ. ಬಣ್ಣಕ್ಕೆ ಕಾರಣ ಇದ್ದರೆ ನಾನು ಎರಡು ಮಾತಿಲ್ಲದೆ ಒಪ್ಪುವವಳು. ಆಪರೇಷನ್ ಥಿಯೇಟರಿನ ಹಸಿರನ್ನೇ ತಗೊಳ್ಳಿ. ಮೊದಲು ಅಲ್ಲೂ ಎಲ್ಲ ಬಿಳಿಯೇ ಇತ್ತು. ಜೋರು ದೀಪದ ಕೆಳಗೆ ಬಿಳಿ ಬಟ್ಟೆ ಕಣ್ಣಿಗೆ ಹೊಡೆಯುತ್ತಿತ್ತು. 1914ರಲ್ಲಿ ಸ್ಯಾನ್‌ಫ್ರಾನ್ಸಿಸ್ಕೋದ ಹ್ಯಾರಿ ಶೆರ್ಮನ್ ಅನ್ನೋ ಸರ್ಜನ್ ಪಾಲಕ್ ಸೊಪ್ಪಿನಂಥ ಹಸಿರು ತಂದರು. ರಕ್ತದ ಕೆಂಪಿಗೆ ಎದುರು ಬಣ್ಣ ಅದು. ಕೆಂಪನ್ನೇ ದಿಟ್ಟಿಸಿ ನೋಡಿ ಆಮೇಲೆ ಬಿಳಿ ಬಟ್ಟೆಯ ಕಡೆ ತಿರುಗಿದರೆ ಹಸಿರು ಮಚ್ಚೆ ಕಂಡ ಹಾಗೆ ಆಗುತ್ತದೆ. ಹಸಿರು ಬಟ್ಟೆಯ ಮೇಲೆ ಆ ಕಾಟ ಇಲ್ಲ. ಕೊಯ್ಯುವವರ ಕಣ್ಣಿಗೆ ಏನು ಬೇಕು ಅಂತ ನೋಡಿ ಆರಿಸಿದ ಬಣ್ಣ ಅಂದರೆ ಅದು. ಕಸದ್ದೂ ಹಾಗೆಯೇ. 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮದ ಪ್ರಕಾರ ಹಳದಿ, ಕೆಂಪು, ಬಿಳಿ, ನೀಲಿ ಅಂತ ನಾಲ್ಕು ಬಣ್ಣ. ರಕ್ತ ಹತ್ತಿದ ಹತ್ತಿ ಹಳದಿಗೆ, ಸಲಾಯಿನ್ ಪೈಪು ಕೆಂಪಿಗೆ, ಸೂಜಿ ಬಿಳಿ ಡಬ್ಬಿಗೆ, ಗಾಜು ನೀಲಿಗೆ. ಅದು ನಡೆಯುತ್ತದೆ. ಯಾಕೆ ಅಂದರೆ ಆ ಬಣ್ಣ ನೋಡಿ ಕೆಲಸ ಮಾಡುವವರಿಗೆ ಮೊದಲೇ ಕಲಿಸಿರುತ್ತಾರೆ, ಮತ್ತು ಅವರು ದಿನಾ ಅದನ್ನೇ ಮಾಡುತ್ತಾರೆ.

ಪೇಷಂಟಿಗೆ ಯಾರು ಕಲಿಸಿದರು? ಹೊಟ್ಟೆ ಹಿಡಿದುಕೊಂಡು ರಾತ್ರಿ ಹನ್ನೊಂದಕ್ಕೆ ಟಂಟಂನಲ್ಲಿ ಬಂದವನು ಮೊದಲು ಬೋರ್ಡಿನ ಮುಂದೆ ನಿಂತು ಪಾಠ ಓದಬೇಕಾ? ಕಣ್ಣಲ್ಲಿ ಪೊರೆ ಬಂದ ಮುದುಕರಿಗೆ ನೇವಿ ಬ್ಲೂ ಯಾವುದು, ಕಪ್ಪು ಯಾವುದು ಅಂತ ಗೊತ್ತಾಗುವುದೇ ಕಷ್ಟ. ಕೆಲವು ಗಂಡಸರಿಗೆ ಹುಟ್ಟಿನಿಂದಲೇ ಕೆಂಪು ಹಸಿರು ಗೊಂದಲ. ಇನ್ನು ರಾಮಾ ಗ್ರೀನ್, ಅದು ಹಸಿರೋ ನೀಲಿಯೋ ಅಂತ ನನ್ನ ಅಂಗಡಿಯಲ್ಲೇ ಗಂಡ ಹೆಂಡತಿ ಜಗಳ ಆಡಿದ್ದಾರೆ. ನೆಟ್ಟಗಿನ ಕಣ್ಣಿನವರೇ!

ಇನ್ನೊಂದು ಮಾತು, ಇದು ಟೇಲರುಗಳಿಗೆ ಮಾತ್ರ ಗೊತ್ತಿರೋದು. ಬಣ್ಣ ನಿಲ್ಲೋದಿಲ್ಲ. ಒಂದು ಥಾನಿನ ಮೆರೂನ್ ಮುಂದಿನ ಥಾನಿನಲ್ಲಿ ಅದೇ ಮೆರೂನ್ ಆಗಿರೋದಿಲ್ಲ, ಲಾಟ್ ಬದಲಾದರೆ ಶೇಡ್ ಬದಲು. ಅದರ ಮೇಲೆ ಇವರು ದಿನಾ ಬ್ಲೀಚಿಂಗ್ ನೀರಿನಲ್ಲಿ ಕೆಲಸ ಮಾಡುವವರು. ಹನಿ ಬಿದ್ದಲ್ಲೆಲ್ಲ ಮಚ್ಚೆ. ಮನೆಯಲ್ಲಿ ಕಲ್ಲಿಗೆ ಬಡಿದು ಒಗೆದು ನಮ್ಮ ಬಿಸಿಲಿಗೆ ಹಾಕಿದರೆ, ಮುಂದಿನ ಬೇಸಿಗೆ ಮುಗಿಯೋದರೊಳಗೆ ಮೆರೂನ್ ಹೋಗಿ ಪಿಂಕ್ ಆಗಿರುತ್ತದೆ. ಆಗ ಕಸ ಹೊಡೆಯುವಾಕೆಗೆ ರಿಸೆಪ್ಷನಿಸ್ಟ್ ಅಂತ ಬಡ್ತಿ ಕೊಡ್ತೀರಾ?

ಇದನ್ನೆಲ್ಲ ನಾನು ಆರ್ಡರ್ ತಗೊಳ್ಳುವಾಗಲೇ ಹೇಳಿದ್ದೆ. ಮ್ಯಾನೇಜರ್ ಸಾಹೇಬರು ನಕ್ಕರು. ನಾನೂ ನಕ್ಕು ಅಡ್ವಾನ್ಸ್ ಇಸಕೊಂಡೆ. ಮಗಳ ಪಿಯುಸಿ ಫೀ ಇತ್ತು, ತಗೊಂಡೆ. ಅದರಲ್ಲಿ ನನಗೇನೂ ನಾಚಿಕೆ ಇಲ್ಲ.

ಆದರೆ ನನಗೆ ಇವತ್ತಿಗೂ ಇಳಿಯದ ಸಿಟ್ಟು ಕಿಸೆಯದ್ದು. ಅವರು ಕೊಟ್ಟ ಅಳತೆ ಪಟ್ಟಿಯಲ್ಲಿ ಎಲ್ಲರಿಗೂ ಕಿಸೆ ಇತ್ತು. ಸಿಸ್ಟರುಗಳಿಗೆ ಎರಡು, ಕತ್ತರಿ ಪೆನ್ನು ಇಡಬೇಕು, ಸರಿ. ಲ್ಯಾಬಿನವರಿಗೆ ಎರಡು. ರಿಸೆಪ್ಷನ್ ಹುಡುಗಿಯರಿಗೂ ಒಂದು. ಮೆರೂನಿಗೆ ಮಾತ್ರ ಇಲ್ಲ. ಮರೆತಿರಬೇಕು ಅಂತ ಫೋನ್ ಮಾಡಿ ಕೇಳಿದೆ. "ಅವರಿಗೆ ಕಿಸೆ ಬೇಡ್ರಿ ಮೇಡಂ, ನಿಮಗ ಗೊತ್ತಾಗೋದಿಲ್ಲ" ಅಂದರು. ನನಗೆ ಚೆನ್ನಾಗಿಯೇ ಗೊತ್ತಾಯಿತು. ಕದಿಯುತ್ತಾರೆ ಅಂತ. ಬಾಯಿಬಿಟ್ಟು ಹೇಳೋಕೆ ಸಂಕೋಚ, ಅಂಗಿಯ ಮೇಲೆ ಬರೆಸೋಕೆ ಸಂಕೋಚ ಇಲ್ಲ.

ಬೆಳಿಗ್ಗೆ ಆರರ ಬಸ್ಸಿಗೆ ಬರುವ ಹೆಂಗಸು ಚಿಲ್ಲರೆ ಎಲ್ಲಿಡಬೇಕು? ಫೋನ್ ಎಲ್ಲಿಡಬೇಕು? ಮನೆಯಲ್ಲಿ ಮಗುವಿಗೆ ಜ್ವರ ಇದ್ದರೆ ಅವಳಿಗೆ ಹೇಗೆ ಗೊತ್ತಾಗಬೇಕು? ಸೊಂಟಕ್ಕೆ ಸಿಕ್ಕಿಸಿಕೊಂಡು, ಕುಪ್ಪಸದಲ್ಲಿ ತುರುಕಿಕೊಂಡು ಓಡಾಡುತ್ತಾರೆ. ಮೇಲಾಗಿ ಆ ಅಂಗಿಯ ದುಡ್ಡನ್ನು ಕಂತ್ರಾಟದಾರ ಅವರ ಪಗಾರದಲ್ಲೇ ಮುರಿದುಕೊಂಡನಂತೆ. ಬೇರೆ ಯಾವ ಬಣ್ಣದವರೂ ತಮ್ಮ ಅಂಗಿಗೆ ದುಡ್ಡು ಕೊಟ್ಟಿಲ್ಲ. ಎಲ್ಲರಿಗಿಂತ ಕಡಿಮೆ ಪಗಾರದವರು ಮಾತ್ರ ಕೊಟ್ಟಿದ್ದಾರೆ, ಅದೂ ಕಿಸೆ ಇಲ್ಲದ ಅಂಗಿಗೆ. ನಾನು ಒಳಗಡೆ ಲೈನಿಂಗ್ ಬಟ್ಟೆಯಲ್ಲಿ ಸಣ್ಣ ಕಿಸೆ ಹಾಕಿಯೇ ಕೊಟ್ಟೆ. ಎಲ್ಲ ಮೆರೂನಿಗೂ. ಬಿಲ್ಲಿನಲ್ಲಿ ಹಾಕಿಲ್ಲ. ಈಗ ಗೊತ್ತಾದರೆ ಗೊತ್ತಾಗಲಿ.

ನಿಮ್ಮಲ್ಲಿ ಯಾರಾದರೂ ಹೇಳೇ ಹೇಳ್ತೀರಿ, ಅಕ್ಕಾ, ಭದ್ರತೆಗೆ ಬೇಕಲ್ವಾ, ಯಾರೋ ಹೊರಗಿನವರು ಬಂದು ಕೂಸು ಎತ್ತಿಕೊಂಡು ಹೋದರೆ? ನಿನ್ನೆ ಬಾಣಂತಿ ವಾರ್ಡಿನಲ್ಲಿ ಕೂತು ನಾನೂ ಅದನ್ನು ಯೋಚಿಸಿದೆ. ಆದರೆ ಕಳ್ಳಿಗೆ ತಿಳಿನೀಲಿ ಬಟ್ಟೆ ನಮ್ಮ ಮಾರ್ಕೆಟ್ಟಿನಲ್ಲಿ ಸಿಗೋದಿಲ್ವಾ? ಬೇಕಾದರೆ ನಾನೇ ಒಂದು ದಿನದಲ್ಲಿ ಹೊಲಿದುಕೊಡ್ತೀನಿ. ಕೂಸನ್ನು ಕಾಯೋದು ಬಾಗಿಲಲ್ಲಿರೋ ಮನುಷ್ಯ, ಫೋಟೋ ಇರೋ ಗುರುತಿನ ಚೀಟಿ. ಮತ್ತೆ ಕೆಲವರು, ಓದು ಬರದವರಿಗೆ ಬಣ್ಣವೇ ಸುಲಭ ಅಂತಾರೆ. ಇಂಡಿಯ ಆ ಮುದುಕಿಗೆ ಓದು ಬರುತ್ತಿರಲಿಲ್ಲ. ಅವಳಿಗೆ ಬಣ್ಣ ಎಷ್ಟು ಸುಲಭ ಆಯಿತು ಅಂತ ಮೇಲೆ ಹೇಳಿದ್ದೀನಿ.

ಈ ಡ್ರೆಸ್‌ಕೋಡ್ ಹುಚ್ಚು ನಮ್ಮೂರಿನದು ಮಾತ್ರ ಅಲ್ಲ ಬಿಡಿ. 2023ರಲ್ಲಿ ಹರಿಯಾಣದಲ್ಲಿ ಸರ್ಕಾರಿ ಆಸ್ಪತ್ರೆಯವರಿಗೆ ಜೀನ್ಸ್ ಬೇಡ, ಮೇಕಪ್ ಬೇಡ, ಉದ್ದ ಉಗುರು ಬೇಡ ಅಂತ ಹೇಳಿದರು. ಉಗುರಿನದು ಸರಿ, ಅದರಲ್ಲಿ ಹೊಲಸು ಕೂರುತ್ತದೆ. ಲಿಪ್‌ಸ್ಟಿಕ್‌ನಿಂದ ಯಾವ ರೋಗ ಹರಡುತ್ತದೋ!

ಸಿಟ್ಟು ಮಾಡೋದು ಸುಲಭ, ಏನು ಮಾಡಬೇಕು ಹೇಳು ಅಂತೀರಿ. ಹೇಳ್ತೀನಿ. ಇಂಗ್ಲೆಂಡಿನಲ್ಲಿ ಕೇಟ್ ಗ್ರೇಂಜರ್ ಅಂತ ಒಬ್ಬ ಡಾಕ್ಟರ್ ಇದ್ದರು. ಅವರಿಗೇ ಕ್ಯಾನ್ಸರ್ ಬಂತು. ಪೇಷಂಟಾಗಿ ಮಲಗಿದಾಗ ಅವರಿಗೆ ಕಂಡದ್ದು ಇದು: ಬಂದು ನೋಡುವವರಲ್ಲಿ ಎಷ್ಟೋ ಜನ ತಾವು ಯಾರು ಅಂತ ಹೇಳೋದೇ ಇಲ್ಲ. 2013ರಲ್ಲಿ ಅವರು 'ಹಲೋ, ಮೈ ನೇಮ್ ಈಸ್' ಅಂತ ಒಂದು ಅಭಿಯಾನ ಶುರು ಮಾಡಿದರು. ಮುಟ್ಟುವ ಮೊದಲು ಹೆಸರು ಹೇಳಿ, ಏನು ಮಾಡೋಕೆ ಬಂದಿದ್ದೀರಿ ಹೇಳಿ, ಅಷ್ಟೇ. 2016ರಲ್ಲಿ ಅವರು ತೀರಿಕೊಂಡರು. ಆ ಮಾತಿಗೆ ಥಾನೂ ಬೇಡ, ಟೇಲರೂ ಬೇಡ. ನನ್ನ ಧಂದೆಗೆ ನಷ್ಟ, ಆದರೂ ಹೇಳ್ತಿದ್ದೀನಿ.

ಕೊರೋನಾ ಕಾಲ ನೆನಪಿದೆಯಲ್ಲ? ಎಲ್ಲರಿಗೂ ಒಂದೇ ಬಿಳಿ ಕಿಟ್. ಡಾಕ್ಟರ್ ಯಾರು, ವಾರ್ಡ್‌ಬಾಯ್ ಯಾರು, ಒಳಗಿದ್ದವರಿಗೇ ಗೊತ್ತಾಗುತ್ತಿರಲಿಲ್ಲ. ಆಗ ಏನು ಮಾಡಿದರು? ಮಾರ್ಕರ್ ಪೆನ್ ತಗೊಂಡು ಎದೆಯ ಮೇಲೆ ಹೆಸರು ಬರೆದುಕೊಂಡರು. ನಮ್ಮಪ್ಪ ಆ ವಾರ್ಡಿನಿಂದ ಬದುಕಿ ಬಂದಮೇಲೆ ಒಬ್ಬ ಹುಡುಗನ ಹೆಸರು ಹಿಡಿದು ಹೇಳುತ್ತಿದ್ದರು, ರಾತ್ರಿ ನೀರು ಕುಡಿಸಿದ, ಬೆನ್ನು ಉಜ್ಜಿದ ಅಂತ. ಅವನು ನರ್ಸೋ, ಆಯಾನ ಮಗನೋ, ಕಸದವನೋ ಅಪ್ಪನಿಗೆ ಗೊತ್ತೇ ಇಲ್ಲ. ಹೆಸರು ಗೊತ್ತು. ಇದನ್ನು ಬರೆಯುವಾಗ ಸ್ವಲ್ಪ ಗಂಟಲು ಕಟ್ಟಿತು, ಇರಲಿ.

ಹಾಗಾಗಿ ಆಡಳಿತದವರು ಯಾರಾದರೂ ಓದುತ್ತಿದ್ದರೆ ಕೇಳಿ. ಎದೆಯ ಮೇಲೆ ಹೆಸರು, ಅದರ ಕೆಳಗೆ ಕೆಲಸ, ಕನ್ನಡದಲ್ಲಿ, ಬೆರಳಗಲ ಅಕ್ಷರ. ಕಂಪ್ಯೂಟರ್ ಎಂಬ್ರಾಯ್ಡರಿಯಲ್ಲಿ ಮಾಡಿದರೆ ಒಗೆದರೂ ಹೋಗೋದಿಲ್ಲ. ಮರಾಠಿ ಸಾಲು ಬೇಕಾದರೆ ಅದನ್ನೂ ಹಾಕಿಕೊಡ್ತೀನಿ. ಬಣ್ಣ ನಿಮ್ಮಿಷ್ಟ, ಎಲ್ಲರಿಗೂ ಒಂದೇ ಕೊಟ್ಟರೂ ಸರಿ. ಕಿಸೆ ಎಲ್ಲರಿಗೂ ಇರುತ್ತದೆ, ಅದಕ್ಕೆ ಬೇರೆ ರೇಟ್ ಇಲ್ಲ. ಅರ್ಧ ದುಡ್ಡು ಮೊದಲೇ ಕೊಡಬೇಕು, ಶ್ರಾವಣಕ್ಕೆ ಮೊದಲು ಆರ್ಡರ್ ಕೊಟ್ಟರೆ ಒಳ್ಳೆಯದು. ಆಮೇಲೆ ನನಗೆ ಹಬ್ಬದ ಕುಪ್ಪಸಗಳ ರಾಶಿ ಇರುತ್ತದೆ.